ಕಿಡಿ ಹೊತ್ತುವ ಗಳಿಗೆ: ನಿಕೊಲಾಸ್ ಒಟ್ಟೊ ಎಂಬ ವ್ಯಾಪಾರಿಯ ಜೀವನ

ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಎಷ್ಟು ಗ್ಯಾರೇಜುಗಳಿವೆ ಎಂದು ನೀವು ಎಂದಾದರೂ ಎಣಿಸಿದ್ದೀರಾ? ಎಣಿಸದಿದ್ದರೂ ಚಿಂತೆಯಿಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲಿ ತಂದೆಯೋ ಚಾಚಾನೋ ಮಾಮೂನೋ ಅಣ್ಣನೋ ಈ ಕಸುಬಿನಲ್ಲಿದ್ದಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಹಳೆಯ ಅಂಬಾಸಿಡರ್, ಫಿಯಟ್ ಅಥವಾ ಮಲೆನಾಡಿನ ಅಡಿಕೆ ತೋಟಗಳಲ್ಲಿ ದುಡಿದು ಸವೆದ ಪೆಟ್ರೋಲ್ ಜೀಪಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದನ್ನು ನೀವು ನೋಡಿರಬಹುದು. ಬಿಚ್ಚುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ಬೋಲ್ಟುಗಳನ್ನು ಬಿಗಿಯುವುದು, ಇವನ್ನೆಲ್ಲ ಹುಡುಗರು ಮಾಡುತ್ತಾರೆ. ಆದರೆ ಒಂದು ಕೆಲಸ ಬಂದಾಗ ಉಸ್ತಾದರು ಹುಡುಗರನ್ನು ಪಕ್ಕಕ್ಕೆ ಸರಿಸಿ ತಾವೇ ಬಗ್ಗುತ್ತಾರೆ. ಅದೇ ಟೈಮಿಂಗ್ ಇಡುವ ಕೆಲಸ.

ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಬೇರಿಂಗ್ ಎಲ್ಲವನ್ನೂ ಹಾಕಿದ್ದರೂ ಟೈಮಿಂಗ್ ತಪ್ಪಿದರೆ ಆ ಎಂಜಿನ್ ಬರೀ ಕಬ್ಬಿಣದ ಗಟ್ಟಿ. ಒಂದೋ ಅದು ಚಾಲೂ ಆಗುವುದೇ ಇಲ್ಲ, ಇಲ್ಲವೇ ಏರು ಬಂದಾಗ ಟಕಟಕ ಎಂದು ಬಡಿದುಕೊಳ್ಳುತ್ತದೆ, ಇಲ್ಲವೇ ನೀರು ಕುದಿಸಿಕೊಂಡು ನಡುರಸ್ತೆಯಲ್ಲಿ ನಿಲ್ಲುತ್ತದೆ. ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದ ಕಾಲದಲ್ಲಿ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿದುಕೊಂಡವರೂ ಇದ್ದರು. ಕಿಡಿ ಒಂದು ಕ್ಷಣ ಮುಂಚೆಯೋ ಒಂದು ಕ್ಷಣ ತಡವೋ ಆದದ್ದರ ಫಲ ಇದು.

ಈ ಕ್ಷಣವನ್ನು ಮೊಟ್ಟಮೊದಲು ಹುಡುಕಿ ಹೊರಟವನು ಎಂಜಿನಿಯರ್ ಅಲ್ಲ. ಅವನು ಊರೂರು ಸುತ್ತಿ ಚಹಾ, ಸಕ್ಕರೆ, ದಿನಸಿಗೆ ಆರ್ಡರ್ ಹಿಡಿಯುತ್ತಿದ್ದ ಒಬ್ಬ ಸೇಲ್ಸ್‌ಮನ್. ಅವನ ಹೆಸರು ನಿಕೊಲಾಸ್ ಆಗಸ್ಟ್ ಒಟ್ಟೊ. ವಿಜ್ಞಾನ ಪುಸ್ತಕದಲ್ಲಿ ಒಟ್ಟೊ ಸೈಕಲ್ ಎಂಬ ಎರಡು ಪದಗಳನ್ನು ನೀವು ಓದಿ ಪರೀಕ್ಷೆಯಲ್ಲಿ ಬರೆದು ಮರೆತಿರಬಹುದು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನು. ಅವನ ಜೀವನವನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ.

ಒಟ್ಟೊ ಹುಟ್ಟಿದ್ದು 1832ರ ಜೂನ್ ತಿಂಗಳಲ್ಲಿ, ಜರ್ಮನಿಯ ಹೋಲ್ಜ್‌ಹೌಸನ್ ಎಂಬ ಸಣ್ಣ ಹಳ್ಳಿಯಲ್ಲಿ. ಆರು ಮಕ್ಕಳಲ್ಲಿ ಕಿರಿಯವನು. ಎಳೆಗೂಸಾಗಿದ್ದಾಗಲೇ ತಂದೆ ತೀರಿಹೋದರು. ತಾಯಿಯ ಆಸರೆಯಲ್ಲಿ ಬೆಳೆದ ಹುಡುಗ ಶಾಲೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದನು. ಆದರೆ 1848ರಲ್ಲಿ ಜರ್ಮನಿಯಲ್ಲಿ ದಂಗೆಗಳೆದ್ದು ವ್ಯವಹಾರ ಕುಸಿದಾಗ, ಓದಿಗಿಂತ ಅಂಗಡಿಯೇ ಭದ್ರ ಎಂದು ಭಾವಿಸಿ ತಾಯಿ ಅವನನ್ನು ವ್ಯಾಪಾರ ಕಲಿಯಲು ಸೇರಿಸಿದಳು. ಹದಿನಾರರ ಹುಡುಗನ ಶಾಲೆ ಅಲ್ಲಿಗೆ ಮುಗಿಯಿತು. ಮೊದಲು ಹತ್ತಿರದ ಊರಿನ ಅಂಗಡಿಯಲ್ಲಿ, ನಂತರ ಫ್ರಾಂಕ್‌ಫರ್ಟ್‌ನಲ್ಲಿ, ಕೊನೆಗೆ ಕಲೋನ್ ನಗರದಲ್ಲಿ ಕೆಲಸ. ಕಲೋನ್‌ನಿಂದ ಪಶ್ಚಿಮ ಜರ್ಮನಿಯ ಗಡಿ ಊರುಗಳಿಗೆ ಹೋಗಿ ಅಂಗಡಿಗಳಿಂದ ಆರ್ಡರ್ ತರುವುದು ಅವನ ನಿತ್ಯದ ದುಡಿಮೆಯಾಗಿತ್ತು. ಆ ದಿನಗಳಲ್ಲಿ ಅನ್ನಾ ಗೊಸ್ಸಿ ಎಂಬ ಯುವತಿಗೆ ಅವನು ಬರೆಯುತ್ತಿದ್ದ ಪತ್ರಗಳಲ್ಲಿ ಯಂತ್ರದ ವಿಚಾರವೂ ಸೇರಿಕೊಂಡಿತ್ತು. ಅವರ ಮದುವೆಯಾಗಲು 1868ರವರೆಗೆ ಕಾಯಬೇಕಾಯಿತು. ಕಾರಣ ಸರಳ. ಗಳಿಸಿದ್ದೆಲ್ಲ ಯಂತ್ರಕ್ಕೆ ಹೋಗುತ್ತಿತ್ತು.

1860ರಲ್ಲಿ ಪ್ಯಾರಿಸ್‌ನಲ್ಲಿ ಲೆನ್ವಾರ್ ಎಂಬಾತ ಅನಿಲದಿಂದ ನಡೆಯುವ ಎಂಜಿನ್ ಮಾಡಿದ್ದನು. ಆಗ ಪೇಟೆಗಳ ಬೀದಿದೀಪಗಳಿಗೆ ಕಲ್ಲಿದ್ದಲಿನಿಂದ ತೆಗೆದ ಅನಿಲವನ್ನು ಕೊಳವೆಯಲ್ಲಿ ಹರಿಸುತ್ತಿದ್ದರು. ಅದೇ ಅನಿಲವನ್ನು ಗಾಳಿಯೊಂದಿಗೆ ಸಿಲಿಂಡರಿಗೆ ಎಳೆದುಕೊಂಡು, ಪಿಸ್ಟನ್ ಅರ್ಧ ದಾರಿ ಸಾಗಿದಾಗ ವಿದ್ಯುತ್ ಕಿಡಿ ಹೊತ್ತಿಸುವುದು ಲೆನ್ವಾರ್‌ನ ವಿಧಾನ. ಎಂಜಿನ್ ನಡೆಯಿತು ನಿಜ, ಆದರೆ ಅನಿಲವನ್ನು ಕುಡಿದದ್ದು ವಿಪರೀತ, ಕೊಟ್ಟ ಬಲ ಅಲ್ಪ. ಒಟ್ಟೊ 1861ರಲ್ಲಿ ಕಲೋನ್‌ನ ಒಬ್ಬ ಯಂತ್ರಕಾರನ ಕಾರ್ಖಾನೆಯಲ್ಲಿ ಇದರದೇ ಒಂದು ಚಿಕ್ಕ ಮಾದರಿಯನ್ನು ಮಾಡಿಸಿಕೊಂಡು ಆಟವಾಡತೊಡಗಿದನು. ಆಟ ಎಂದು ಬೇಕೆಂದೇ ಬರೆದಿದ್ದೇನೆ. ಅವನ ಬಳಿ ಗಣಿತದ ಸೂತ್ರವಿರಲಿಲ್ಲ, ಗುರುವಿರಲಿಲ್ಲ. ಇದ್ದದ್ದು ಕೈಯಿಂದ ಚಕ್ರ ತಿರುಗಿಸಿ ನೋಡುವ ಕುತೂಹಲ ಮಾತ್ರ.

ಹೀಗೆ ತಿರುಗಿಸುವಾಗ ಅವನು ಒಂದು ಬೇರೆ ಕ್ರಮವನ್ನು ಪ್ರಯತ್ನಿಸಿದನು. ಪಿಸ್ಟನ್ ಅರ್ಧಕ್ಕೆ ಬಂದಾಗ ಕಿಡಿ ಕೊಡುವ ಬದಲು ಪೂರ್ತಿ ಕೆಳಗೆಳೆದು ಸಿಲಿಂಡರನ್ನು ಅನಿಲ ಮತ್ತು ಗಾಳಿಯಿಂದ ತುಂಬಿಸಿದನು. ಆಮೇಲೆ ಪಿಸ್ಟನ್ನನ್ನು ವಾಪಸ್ ಮೇಲಕ್ಕೆ ತಳ್ಳಿದನು. ಒಳಗಿನ ಮಿಶ್ರಣ ಅದುಮಿಕೊಂಡಿತು. ತುದಿ ತಲುಪಿದಾಗ ಕಿಡಿ ಕೊಟ್ಟನು. ಚಕ್ರ ಹಿಂದೆಂದೂ ಇಲ್ಲದ ರಭಸದಿಂದ ಹಲವು ಸುತ್ತು ತಿರುಗಿತು. ಅದೇ ಅನಿಲ, ಅದೇ ಕಿಡಿ. ಬದಲಾದದ್ದು ಮಿಶ್ರಣವನ್ನು ಅದುಮಿದ್ದು ಮತ್ತು ಕಿಡಿಯ ವೇಳೆ, ಇವೆರಡೇ. ಇಂದು ನಮ್ಮ ಉಸ್ತಾದರು ಟೈಮಿಂಗ್ ಎನ್ನುವ ವಿದ್ಯೆಯ ಬೀಜ ಇಲ್ಲಿದೆ.

ಈ ಆಧಾರದ ಮೇಲೆ ಅವನು ನಾಲ್ಕು ಸಿಲಿಂಡರಿನ ಎಂಜಿನ್ ಒಂದನ್ನು ಮಾಡಿಸಿದನು. ಆದರೆ ಅದು ನಡೆಯುತ್ತಿದ್ದಂತೆ ಒಳಗಿನ ಹೊಡೆತಗಳನ್ನು ತಾಳಲಾರದೆ ಹಾಳಾಗಿಹೋಯಿತು. ಸ್ಫೋಟವನ್ನು ಹತೋಟಿಗೆ ತರುವ ದಾರಿ ಅವನಿಗಿನ್ನೂ ತಿಳಿದಿರಲಿಲ್ಲ. ಹಣವೂ ಮುಗಿದಿತ್ತು. ಒಟ್ಟೊ ಆ ದಾರಿಯನ್ನೇ ಬಿಟ್ಟು ಬೇರೆ ಬಗೆಯ ಎಂಜಿನ್ನಿನ ಕಡೆ ಹೊರಳಿದನು. ಮತ್ತೆ ಇದೇ ವಿಚಾರಕ್ಕೆ ಮರಳಲು ಹದಿನಾಲ್ಕು ವರ್ಷ ಬೇಕಾಯಿತು.

ನಡುವಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1864ರಲ್ಲಿ ಯೂಗೆನ್ ಲ್ಯಾಂಗನ್ ಎಂಬ ಶ್ರೀಮಂತ ತಂತ್ರಜ್ಞ ಒಟ್ಟೊನ ಯಂತ್ರವನ್ನು ನೋಡಿ ಬಂಡವಾಳ ಹಾಕಿದನು. ಇಬ್ಬರೂ ಸೇರಿ ಕಲೋನ್‌ನಲ್ಲಿ ಎಂಜಿನ್‌ಗಳನ್ನೇ ತಯಾರಿಸುವ ಕಂಪನಿಯನ್ನು ತೆರೆದರು. ಅವರ ಹೊಸ ಯಂತ್ರದಲ್ಲಿ ಸ್ಫೋಟ ಪಿಸ್ಟನ್ನನ್ನು ಮೇಲಕ್ಕೆ ಎಸೆಯುತ್ತಿತ್ತು, ಹೊರಗಿನ ವಾಯುಭಾರ ಅದನ್ನು ಕೆಳಕ್ಕೆ ಒತ್ತುವಾಗ ಚಕ್ರ ತಿರುಗುತ್ತಿತ್ತು. ಗಲಾಟೆಯ ಯಂತ್ರ. ಆದರೆ 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅನಿಲದ ಖರ್ಚನ್ನು ಅಳೆದು ನೋಡಿದಾಗ ಇತರ ಎಂಜಿನ್‌ಗಳ ಅರ್ಧಕ್ಕಿಂತಲೂ ಕಡಿಮೆ ಅನಿಲ ಸಾಕೆಂದು ತಿಳಿದು ತೀರ್ಪುಗಾರರು ಚಿನ್ನದ ಪದಕ ಕೊಟ್ಟರು. ಬೇಡಿಕೆ ಬೆಳೆಯಿತು. ಕಾರ್ಖಾನೆ ರೈನ್ ನದಿಯಾಚೆಯ ಡಾಯ್ಟ್ಸ್‌ಗೆ ಹೋಯಿತು. 1872ರಲ್ಲಿ ಅದು ದೊಡ್ಡ ಕಂಪನಿಯಾದಾಗ ತಾಂತ್ರಿಕ ವಿಭಾಗಕ್ಕೆ ಗಾಟ್ಲೀಬ್ ಡೈಮ್ಲರ್ ಎಂಬ ಪದವೀಧರ ಎಂಜಿನಿಯರ್ ಬಂದನು. ಅವನೊಂದಿಗೆ ವಿಲ್ಹೆಲ್ಮ್ ಮೇಬಾಕ್. ಇಬ್ಬರ ಹೆಸರೂ ನಿಮಗೆ ಇಂದಿನ ದುಬಾರಿ ಕಾರುಗಳಿಂದ ಪರಿಚಿತ.

ಒಟ್ಟೊ? ಅವನನ್ನು ವ್ಯವಹಾರದ ಲೆಕ್ಕ ನೋಡಿಕೊಳ್ಳಲು ಕೂರಿಸಿದರು. ಎಂಜಿನ್ ಕಂಡುಹಿಡಿದವನು ಮಾರಾಟದ ಮೇಜಿನಲ್ಲಿ, ಹೊಸದಾಗಿ ಬಂದವನು ಕಾರ್ಖಾನೆಯಲ್ಲಿ. ಕೈಯಲ್ಲಿ ಸರ್ಟಿಫಿಕೇಟ್ ಇಲ್ಲದವನಿಗೆ ಯಾವ ದೇಶದಲ್ಲಾದರೂ, ಯಾವ ಕಾಲದಲ್ಲಾದರೂ ಇಂತಹ ಕುರ್ಚಿ ಕಾದಿರುತ್ತದೆ. ಒಟ್ಟೊ ಮತ್ತು ಡೈಮ್ಲರ್ ನಡುವೆ ಎಂದೂ ಹೊಂದಾಣಿಕೆಯಾಗಲಿಲ್ಲ. ಡೈಮ್ಲರ್‌ನ ಸಾಮರ್ಥ್ಯವನ್ನು ನಾನು ಕಡೆಗಣಿಸುತ್ತಿಲ್ಲ. ಕಾರ್ಖಾನೆಯನ್ನು ಶಿಸ್ತಿಗೆ ತಂದವನು ಅವನೇ. ಆದರೆ ಒಟ್ಟೊನಿಗೆ ಆದದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಆದರೂ ಒಟ್ಟೊ ಸುಮ್ಮನಿರಲಿಲ್ಲ. ಹಳೆಯ ಎಂಜಿನ್ ಸುಮಾರು ಮೂರು ಅಶ್ವಶಕ್ತಿಗಿಂತ ಮೇಲೇರದೆ ವ್ಯಾಪಾರ ಕುಗ್ಗತೊಡಗಿದಾಗ ಅವನು 1862ರಲ್ಲಿ ಕೈಬಿಟ್ಟಿದ್ದ ವಿಚಾರವನ್ನು ಮತ್ತೆ ಎತ್ತಿಕೊಂಡನು. 1876ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ ಸಿದ್ಧವಾಯಿತು. ಮೊದಲ ಹೊಡೆತದಲ್ಲಿ ಪಿಸ್ಟನ್ ಕೆಳಗಿಳಿದು ಮಿಶ್ರಣವನ್ನು ಹೀರುತ್ತದೆ. ಎರಡನೆಯದರಲ್ಲಿ ಮೇಲೇರಿ ಅದುಮುತ್ತದೆ. ಆಗ ಬೆಂಕಿ ತಗುಲಿ ಮೂರನೆಯದರಲ್ಲಿ ಬಲ ಸಿಗುತ್ತದೆ. ನಾಲ್ಕನೆಯದರಲ್ಲಿ ಸುಟ್ಟ ಹೊಗೆ ಹೊರಬೀಳುತ್ತದೆ. ನಾಲ್ಕರಲ್ಲಿ ಒಂದೇ ದುಡಿಮೆ, ಉಳಿದ ಮೂರು ಅದಕ್ಕಾಗಿ ಸಿದ್ಧತೆ. ಈ ಎಂಜಿನ್ ನಿಮಿಷಕ್ಕೆ 180 ಸುತ್ತು ತಿರುಗಿ ಸುಮಾರು 3 ಅಶ್ವಶಕ್ತಿ ಕೊಡುತ್ತಿತ್ತು. ಶಬ್ದ ಕಡಿಮೆ, ಜಾಗ ಕಡಿಮೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾಲ್ಕು ಹೊಡೆತ ಎಂದರೆ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಆದರೆ ಬೆಂಕಿ ತಗುಲಬೇಕಾದದ್ದು ಎರಡು ಸುತ್ತಿಗೆ ಒಂದೇ ಸಲ. ಹೊಗೆಯ ಬಾಗಿಲು ತೆರೆಯುವುದೂ ಒಂದೇ ಸಲ. ಇದನ್ನು ಯಾರು ನೆನಪಿಟ್ಟುಕೊಳ್ಳಬೇಕು? ಒಟ್ಟೊ ಎಂಜಿನ್ನಿನ ಪಕ್ಕಕ್ಕೆ ಇನ್ನೊಂದು ಉದ್ದನೆಯ ಶಾಫ್ಟ್ ಜೋಡಿಸಿ, ಹಲ್ಲುಚಕ್ರಗಳ ಮೂಲಕ ಅದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವಂತೆ ಮಾಡಿದನು. ಆ ಶಾಫ್ಟೇ ಜಾರುವ ಒಂದು ಹಲಗೆಯನ್ನು ಎಳೆದು, ಹೊರಗೆ ಉರಿಯುತ್ತಿದ್ದ ಸಣ್ಣ ದೀಪದ ಜ್ವಾಲೆಯನ್ನು ಸರಿಯಾದ ಗಳಿಗೆಗೆ ಸಿಲಿಂಡರಿನೊಳಕ್ಕೆ ಒಯ್ಯುತ್ತಿತ್ತು. ನಮ್ಮ ಅಂಬಾಸಿಡರಿನ ಕ್ಯಾಮ್ ಶಾಫ್ಟ್ ಮಾಡುವುದೂ ಇದನ್ನೇ. ಮುಂಭಾಗದ ಕವರ್ ಬಿಚ್ಚಿದರೆ ಟೈಮಿಂಗ್ ಚೈನ್ ಕಾಣುತ್ತದೆ. ಮೇಲಿನ ಚಕ್ರದ ಹಲ್ಲುಗಳು ಕೆಳಗಿನದಕ್ಕಿಂತ ಸರಿಯಾಗಿ ಎರಡು ಪಟ್ಟು. ಎರಡೂ ಚಕ್ರಗಳ ಮೇಲೆ ಕಾರ್ಖಾನೆಯವರು ಚುಕ್ಕೆ ಇಟ್ಟಿರುತ್ತಾರೆ. ಚುಕ್ಕೆಗಳು ಎದುರುಬದುರಾಗಿ ನಿಲ್ಲುವಂತೆ ಚೈನ್ ಹಾಕಬೇಕು. ಒಂದು ಹಲ್ಲು ಆಚೀಚೆಯಾದರೂ ವಾಲ್ವುಗಳು ತಪ್ಪಾದ ಹೊತ್ತಿನಲ್ಲಿ ತೆರೆದು ಮುಚ್ಚುತ್ತವೆ.

ಎಂಜಿನ್ ಕಟ್ಟುವ ಹುಡುಗರು ಎಡವುವ ಒಂದು ಜಾಗವಿದೆ. ಎರಡು ಸುತ್ತಿನಲ್ಲಿ ಒಂದನೇ ನಂಬರಿನ ಪಿಸ್ಟನ್ ಎರಡು ಸಲ ಮೇಲಿನ ತುದಿ ತಲುಪುತ್ತದೆ. ಒಂದು ಸಲ ಮಿಶ್ರಣ ಅದುಮಿ, ಇನ್ನೊಂದು ಸಲ ಹೊಗೆ ತಳ್ಳಿ. ಕ್ರ್ಯಾಂಕಿನ ಮೇಲಿರುವ ಗುರುತು ಎರಡಕ್ಕೂ ಒಂದೇ. ಹೊಗೆ ತಳ್ಳಿದ ತುದಿಗೆ ಡಿಸ್ಟ್ರಿಬ್ಯೂಟರ್ ಕೂರಿಸಿದರೆ ಕಿಡಿ ಬರುತ್ತದೆ, ಪೆಟ್ರೋಲ್ ಬರುತ್ತದೆ, ಎಂಜಿನ್ ಮಾತ್ರ ಬರುವುದಿಲ್ಲ! ಅದಕ್ಕೇ ಉಸ್ತಾದರು ಒಂದನೇ ಪ್ಲಗ್ ತೆಗೆದು ರಂಧ್ರಕ್ಕೆ ಹೆಬ್ಬೆರಳು ಒತ್ತಿ ಎಂಜಿನ್ನನ್ನು ನಿಧಾನ ತಿರುಗಿಸುತ್ತಾರೆ. ಗಾಳಿ ಬೆರಳನ್ನು ನೂಕಿದರೆ ಅದು ಅದುಮುವ ಹೊಡೆತ. ಇನ್ನೊಂದು ಪರೀಕ್ಷೆಯೂ ಇದೆ. ಅಂಬಾಸಿಡರಿನಲ್ಲಿ ಕಿಡಿಯ ಕ್ರಮ 1, 3, 4, 2. ಹಾಗಾಗಿ ನಾಲ್ಕನೇ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇದ್ದರೆ ಒಂದನೆಯದು ಕಿಡಿಯ ತುದಿಯಲ್ಲಿದೆ ಎಂದು ಅರ್ಥ.

ಆ ಮೇಲೆ ಪಾಯಿಂಟ್‌ಗಳ ಸಂದು, ಸುಮಾರು 0.4 ಮಿಲಿಮೀಟರ್. ಟೈಮಿಂಗ್ ಇಡುವ ಮೊದಲೇ ಇದನ್ನು ಸರಿಮಾಡಬೇಕು. ಆಮೇಲೆ ಸಂದು ಬದಲಿಸಿದರೆ ಟೈಮಿಂಗೂ ಬದಲಾಗುತ್ತದೆ. ಕೊನೆಗೆ ಇಗ್ನಿಷನ್ ಹಾಕಿ, ಪಾಯಿಂಟಿನ ವೈರಿಗೂ ಬಾಡಿಗೂ ನಡುವೆ ಒಂದು ಪುಟ್ಟ ಬಲ್ಬ್ ಹಿಡಿದು, ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗುವುದು. ಪಾಯಿಂಟ್ ತೆರೆದ ಕ್ಷಣ ಬಲ್ಬ್ ಉರಿಯುತ್ತದೆ. ಕಿಡಿ ಹಾರುವುದೂ ಆಗಲೇ. ಆ ಕ್ಷಣ ಪಿಸ್ಟನ್ ತುದಿ ತಲುಪುವುದಕ್ಕೆ ಕೆಲವು ಡಿಗ್ರಿ ಮೊದಲೇ ಬರಬೇಕು.

ಏಕೆ ಮೊದಲೇ? ಲೆಕ್ಕ ಹಾಕಿ ನೋಡಿ. ಒಟ್ಟೊನ ಎಂಜಿನ್ ನಿಮಿಷಕ್ಕೆ 180 ಸುತ್ತು, ಅಂದರೆ ಸೆಕೆಂಡಿಗೆ 3. ಪಿಸ್ಟನ್ ಒಂದು ಸಲ ಕೆಳಗಿಳಿಯಲು ಒಂದು ಸೆಕೆಂಡಿನ ಆರನೇ ಒಂದು ಭಾಗ. ಮಿಶ್ರಣ ಉರಿಯಲು ಧಾರಾಳ ಸಮಯ. ಕಾರು 3000 ಸುತ್ತಿನಲ್ಲಿ ಓಡುವಾಗ ಅದೇ ಇಳಿತಕ್ಕೆ ಸಿಗುವುದು ನೂರನೇ ಒಂದು ಸೆಕೆಂಡು ಮಾತ್ರ. ಬೆಂಕಿ ಹರಡಲು ತನ್ನ ಸಮಯ ತೆಗೆದುಕೊಂಡೇ ತೀರುತ್ತದೆ. ತುದಿಯಲ್ಲಿ ಕಿಡಿ ಕೊಟ್ಟರೆ ಬಲ ಹುಟ್ಟುವ ಹೊತ್ತಿಗೆ ಪಿಸ್ಟನ್ ಜಾರಿ ಹೋಗಿರುತ್ತದೆ. ಆದ್ದರಿಂದ ವೇಗ ಹೆಚ್ಚಿದಂತೆ ಕಿಡಿ ಇನ್ನಷ್ಟು ಮೊದಲು ಬರಬೇಕು. ಡಿಸ್ಟ್ರಿಬ್ಯೂಟರಿನೊಳಗೆ ಸ್ಪ್ರಿಂಗ್ ಹಾಕಿದ ಎರಡು ಸಣ್ಣ ತೂಕಗಳಿರುವುದು ಇದಕ್ಕಾಗಿಯೇ. ಅವು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ನೀವು ಎಷ್ಟೇ ಚೆನ್ನಾಗಿ ಟೈಮಿಂಗ್ ಇಟ್ಟರೂ ಗಾಡಿಗೆ ಪಿಕಪ್ ಇರುವುದಿಲ್ಲ. ಇಂದಿನ ಹೊಸ ಕಾರುಗಳಲ್ಲಿ ಸೆನ್ಸರ್ ಮತ್ತು ಕಂಪ್ಯೂಟರ್ ಈ ಕೆಲಸ ಮಾಡುತ್ತವೆ, ತತ್ವ ಬೇರೆಯಲ್ಲ.

ಒಟ್ಟೊನ ಕಥೆಗೆ ಬರೋಣ. 1877ರಲ್ಲಿ ಜರ್ಮನ್ ಸರ್ಕಾರದಿಂದ ಪೇಟೆಂಟ್ ದೊರೆಯಿತು. ಎಂಜಿನ್ ಯೂರೋಪಿನ ಕಾರ್ಖಾನೆಗಳನ್ನು, ಮುದ್ರಣಾಲಯಗಳನ್ನು ತುಂಬಿತು. 1882ರಲ್ಲಿ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ನೀಡಿತು. ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟವನು ಐವತ್ತನೇ ವಯಸ್ಸಿಗೆ ಡಾಕ್ಟರ್ ಒಟ್ಟೊ ಆದನು. ಅದೇ ವರ್ಷ ಡೈಮ್ಲರ್ ಕಂಪನಿ ಬಿಟ್ಟುಹೋದನು, ಮೇಬಾಕ್ ಹಿಂಬಾಲಿಸಿದನು. ಅವರಿಬ್ಬರೂ ಕೆಲವೇ ವರ್ಷಗಳಲ್ಲಿ ಹಗುರವಾದ, ವೇಗದ ಎಂಜಿನ್ ಮಾಡಿದರು. ಅದರಲ್ಲಿ ಬೆಂಕಿ ಹಚ್ಚುತ್ತಿದ್ದದ್ದು ಸದಾ ಕೆಂಪಗೆ ಕಾದಿರುವ ಒಂದು ಕೊಳವೆ. ಸರಳ ಉಪಾಯ, ಆದರೆ ಕಿಡಿಯ ಗಳಿಗೆಯನ್ನು ಬೇಕಾದಂತೆ ಹಿಂದೆ ಮುಂದೆ ಮಾಡಲು ಅದರಲ್ಲಿ ಅವಕಾಶವಿರಲಿಲ್ಲ. ಒಟ್ಟೊ ಹಿಡಿದ ದಾರಿ ಬೇರೆ. 1884ರಲ್ಲಿ ಅವನು ಮ್ಯಾಗ್ನೆಟೊ, ಅಂದರೆ ಅಯಸ್ಕಾಂತದಿಂದ ವಿದ್ಯುತ್ ಹುಟ್ಟಿಸಿ ಸಿಲಿಂಡರಿನೊಳಗೆ ಕಿಡಿ ಹಾರಿಸುವ ವ್ಯವಸ್ಥೆಯನ್ನು ರೂಪಿಸಿದನು. ಇದರಿಂದ ಅನಿಲದ ಕೊಳವೆ ಇಲ್ಲದ ಊರಿನಲ್ಲೂ ದ್ರವ ಇಂಧನದಿಂದ ಎಂಜಿನ್ ನಡೆಸುವ ದಾರಿ ತೆರೆಯಿತು. ಶಿವಮೊಗ್ಗದಂತಹ ಊರಿಗೆ ಎಂಜಿನ್ ಬರಬೇಕಾದರೆ ಈ ಹೆಜ್ಜೆ ಅಗತ್ಯವಾಗಿತ್ತು ಎಂಬುದನ್ನು ಗಮನಿಸಿ.

ಇಷ್ಟರಲ್ಲಿ ಮೊಕದ್ದಮೆಗಳು ಮುತ್ತಿದ್ದವು. ಪೇಟೆಂಟ್ ಇರುವವರೆಗೆ ಬೇರೆ ಯಾರೂ ನಾಲ್ಕು ಹೊಡೆತದ ಎಂಜಿನ್ ಮಾಡುವಂತಿರಲಿಲ್ಲ, ಮಾಡಬೇಕೆನ್ನುವವರು ಬಹಳ ಮಂದಿ ಇದ್ದರು. ಮ್ಯೂನಿಕ್ ನಗರದ ರೈಟ್‌ಮನ್ ಎಂಬ ಗಡಿಯಾರ ತಯಾರಕ ತಾನು ಮೊದಲೇ ಇಂತಹ ಎಂಜಿನ್ ಮಾಡಿದ್ದಾಗಿ ವಾದಿಸಿದನು. ಅದಕ್ಕಿಂತ ದೊಡ್ಡ ಪೆಟ್ಟು ಫ್ರಾನ್ಸಿನಿಂದ ಬಂತು. ಬೋ ದ ರೋಷಾ ಎಂಬ ಎಂಜಿನಿಯರ್ 1862ರಲ್ಲೇ ಒಂದು ಕಿರುಹೊತ್ತಗೆಯಲ್ಲಿ ನಾಲ್ಕು ಹೊಡೆತಗಳ ಕ್ರಮವನ್ನು ಬರೆದಿದ್ದನು. ಅವನು ಎಂಜಿನ್ ಮಾಡಿರಲಿಲ್ಲ, ಕಾಗದದ ಮೇಲೆ ಬರೆದಿದ್ದನು ಅಷ್ಟೇ. ಒಟ್ಟೊನಿಗೆ ಅದರ ಪರಿಚಯವಿತ್ತು ಎನ್ನಲು ಆಧಾರವಿಲ್ಲ. ಇನ್ನೊಂದು ತೊಡಕೂ ಇತ್ತು. ಸಿಲಿಂಡರಿನೊಳಗೆ ಮಿಶ್ರಣ ಪದರ ಪದರವಾಗಿ ನಿಲ್ಲುವುದರಿಂದಲೇ ಸ್ಫೋಟ ಮೆತ್ತಗಾಗುತ್ತದೆ ಎಂದು ಒಟ್ಟೊ ನಂಬಿ ಪೇಟೆಂಟಿನಲ್ಲಿ ಅದಕ್ಕೇ ಒತ್ತು ಕೊಟ್ಟಿದ್ದನು. ಅವನ ಎಂಜಿನ್ ಸರಿಯಾಗಿತ್ತು, ವಿವರಣೆ ಸರಿಯಾಗಿರಲಿಲ್ಲ. ಎಂಜಿನ್ನಿನ ಬಲಕ್ಕೆ ನಿಜವಾದ ಕಾರಣ ಮಿಶ್ರಣವನ್ನು ಮೊದಲು ಅದುಮಿ ಆಮೇಲೆ ಹೊತ್ತಿಸಿದ್ದೇ ಆಗಿತ್ತು.

ಇಂಗ್ಲೆಂಡಿನ ನ್ಯಾಯಾಲಯಗಳು ಅವನ ಹಕ್ಕನ್ನು ಎತ್ತಿಹಿಡಿದವು. ಆದರೆ ಸ್ವಂತ ದೇಶದ ಉಚ್ಚ ನ್ಯಾಯಪೀಠ 1886ರ ಜನವರಿಯಲ್ಲಿ ನಾಲ್ಕು ಹೊಡೆತದ ಮೇಲಿನ ಹಕ್ಕನ್ನು ರದ್ದುಪಡಿಸಿತು. ಅದೇ ತಿಂಗಳಲ್ಲಿ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದನು. ಅದರೊಳಗೆ ಇದ್ದದ್ದು ನಾಲ್ಕು ಹೊಡೆತದ ಎಂಜಿನ್ನೇ. ಹಕ್ಕು ಕಳೆದುಕೊಂಡದ್ದು ಒಟ್ಟೊನಿಗೆ ನಷ್ಟ, ಜಗತ್ತಿಗೆ ಲಾಭ. ಈಗ ಯಾರು ಬೇಕಾದರೂ ಈ ಎಂಜಿನ್ ಮಾಡಬಹುದಾಗಿತ್ತು, ಮಾಡಿದರು ಕೂಡ. ಆದರೆ ಮೊದಲಿಗ ಎಂಬ ಗೌರವವನ್ನೇ ನ್ಯಾಯಾಲಯ ಕಸಿದುಕೊಂಡಿತೆಂಬ ನೋವು ಒಟ್ಟೊನನ್ನು ಬಿಡಲಿಲ್ಲ. ಐದು ವರ್ಷಗಳ ನಂತರ, 1891ರ ಜನವರಿ 26ರಂದು, ಕಲೋನ್‌ನಲ್ಲಿ 58ನೇ ವಯಸ್ಸಿಗೆ ಅವನು ತೀರಿಕೊಂಡನು. ನಂತರದ ಜರ್ಮನಿ ಪೆಟ್ರೋಲ್ ಎಂಜಿನ್ನಿಗೆ ಒಟ್ಟೊ ಮೋಟಾರ್ ಎಂದೇ ಹೆಸರಿಟ್ಟಿತು. ಅವನ ಮಗ ಗುಸ್ತಾವ್ ವಿಮಾನ ಕಾರ್ಖಾನೆ ತೆರೆದನು. ಇಂದಿನ ಬಿಎಂಡಬ್ಲ್ಯು ಕಂಪನಿಯ ಬೇರುಗಳಲ್ಲಿ ಒಂದು ಆ ಕಾರ್ಖಾನೆಯಲ್ಲಿದೆ.

ನಮ್ಮ ಜಿಲ್ಲೆಗೂ ಮೋಟಾರಿನ ಕನಸಿಗೂ ಒಂದು ನಂಟಿದೆ. 1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮುನ್ನಡೆಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾರಿನ ಕಾರ್ಖಾನೆ ತೆರೆಯಲು ಬಹಳ ಪ್ರಯತ್ನಪಟ್ಟರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲವೂ ಇತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರು ಬರಲಿಲ್ಲ, ಆದರೆ ಕಿಡಿ ಬಂತು. ಅದು ಬಂದ ದಾರಿ ಹೀಗಿದೆ. 1887ರಲ್ಲಿ ಸ್ಟುಟ್‌ಗಾರ್ಟ್ ನಗರದ ರಾಬರ್ಟ್ ಬಾಷ್ ಎಂಬ ಯುವ ಮೆಕ್ಯಾನಿಕ್, ಒಬ್ಬ ಗಿರಾಕಿಯ ಬೇಡಿಕೆಯ ಮೇರೆಗೆ ಒಟ್ಟೊನ ಡಾಯ್ಟ್ಸ್ ಕಾರ್ಖಾನೆಯ ಮ್ಯಾಗ್ನೆಟೊವನ್ನು ನೋಡಿ ಅಂತಹುದೇ ಒಂದನ್ನು ಮಾಡಿಕೊಟ್ಟನು. ಅದನ್ನು ಸುಧಾರಿಸುತ್ತಾ ಹೋಗಿ 1902ರಲ್ಲಿ ಅವನ ಕಾರ್ಖಾನೆ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ ಹೊರತಂದಿತು. ಅದೇ ಬಾಷ್ ಸಂಸ್ಥೆಯ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಆಡುಗೋಡಿಯ ಆ ಕಾರ್ಖಾನೆಯನ್ನು ನಿಮ್ಮ ಮನೆಯ ಹಿರಿಯರು ಮೈಕೋ ಎಂದೇ ಕರೆಯುತ್ತಾರೆ. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾಯಿತು. ಹಳೆಯ ಗ್ಯಾರೇಜುಗಳ ಡಬ್ಬಿಗಳಲ್ಲಿ ಮೈಕೋ ಎಂದು ಬರೆದ ಪ್ಲಗ್ಗುಗಳು ಇನ್ನೂ ಸಿಕ್ಕರೆ ಆಶ್ಚರ್ಯವಿಲ್ಲ. ಸಿಕ್ಕಿದರೆ ಕೈಗೆತ್ತಿಕೊಂಡು ಅದರ ತುದಿಯ ಸಣ್ಣ ಸಂದನ್ನು ನೋಡಿ. ಕಿಡಿ ಹಾರುವುದು ಅಲ್ಲೇ. ನಾಲ್ಕು ಸಿಲಿಂಡರಿನ ಎಂಜಿನ್ 3000 ಸುತ್ತಿನಲ್ಲಿ ಓಡುವಾಗ ಅಂತಹ ನಾಲ್ಕು ಪ್ಲಗ್ಗುಗಳಿಂದ ಸೆಕೆಂಡಿಗೆ ನೂರು ಕಿಡಿಗಳು ಹಾರುತ್ತವೆ.